ವಾಹನ ಮಾಪಕಗಳಲ್ಲಿ ಸಾಂದ್ರೀಕರಣ

ವಾಹನ ಮಾಪಕಗಳಲ್ಲಿ ಸಾಂದ್ರೀಕರಣ ಎಂದರೆ ಕಾರು, ದ್ವಿಚಕ್ರ ವಾಹನ ಮೊದಲಾದವುಗಳ ಮೀಟರ್ ಪೆಟ್ಟಿಗೆಯೊಳಗಿನ ನೀರಾವಿಯು ಅದರ ಪಾರದರ್ಶಕ ಮುಚ್ಚಳದ ಒಳಮೈಯಲ್ಲಿ ಮಂಜಾಗಿ ಅಥವಾ ಹನಿಗಳಾಗಿ ಕಟ್ಟಿಕೊಳ್ಳುವ ವಿದ್ಯಮಾನ. ವೇಗಮಾಪಕ, ಇಂಧನಮಾಪಕ ಮತ್ತು ಎಂಜಿನ್ ತಾಪಮಾಪಕಗಳೊಂದಿಗೆ ತೈಲದ ಒತ್ತಡ, ಬ್ರೇಕ್, ಏರ್‌ಬ್ಯಾಗ್‌ಗಳ ಎಚ್ಚರಿಕೆ ದೀಪಗಳೂ ಸಾಮಾನ್ಯವಾಗಿ ಇದೇ ಪೆಟ್ಟಿಗೆಯಲ್ಲಿರುತ್ತವೆ. ಆದ್ದರಿಂದ ಇದು ಕೇವಲ ಅಂದಗೆಡುವ ವಿಷಯವಲ್ಲ. ಮುಚ್ಚಳದ ಮಂಜು ಒಂದೆರಡು ಗಂಟೆಯಲ್ಲಿ ತಾನಾಗಿ ಆರಬಹುದು. ಆದರೆ ತೇವ ಒಳಗೇ ಉಳಿದರೆ ಅದು ಮರುದಿನ ಮತ್ತೆ ಕಾಣಿಸಿಕೊಳ್ಳುತ್ತದೆ.

ಕಾರಣ

ಬಿಸಿ ಗಾಳಿಯು ತಣ್ಣನೆಯ ಗಾಳಿಗಿಂತ ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. 30° ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು 30 ಗ್ರಾಂ ಆವಿಯಿಂದ ಪರ್ಯಾಪ್ತವಾದರೆ, 20° ಸೆಲ್ಸಿಯಸ್‌ನಲ್ಲಿ ಸುಮಾರು 17 ಗ್ರಾಂ ಸಾಕು. ಮುಚ್ಚಳದ ಮೇಲ್ಮೈ ಒಳಗಿನ ಗಾಳಿಯ ಇಬ್ಬನಿ ಬಿಂದುವಿಗಿಂತ ತಣ್ಣಗಾದಾಗ ಹೆಚ್ಚಾದ ಆವಿ ಅಲ್ಲಿ ನೀರಾಗುತ್ತದೆ. ರಾತ್ರಿಯ ಚಳಿ, ಬಿಸಿಲಿನಲ್ಲಿ ಕಾದ ಬೈಕಿನ ಮೇಲೆ ಥಟ್ಟನೆ ಸುರಿಯುವ ಮಳೆ, ಮುಚ್ಚಳಕ್ಕೆ ನೇರವಾಗಿ ಬಡಿಯುವ ಎ.ಸಿ. ಗಾಳಿ ಇದಕ್ಕೆ ಸಾಮಾನ್ಯ ನಿಮಿತ್ತಗಳು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಗಾಳಿಯೇ ಪರ್ಯಾಪ್ತತೆಯ ಹತ್ತಿರವಿರುವುದರಿಂದ ಸ್ವಲ್ಪ ತಂಪೇ ಸಾಕಾಗುತ್ತದೆ.

ಮೀಟರ್ ಪೆಟ್ಟಿಗೆ ಪೂರ್ಣವಾಗಿ ಮುಚ್ಚಿದ್ದಲ್ಲ, ಅದು ಉಸಿರಾಡುತ್ತದೆ. ಒಂದು ಲೀಟರ್ ಗಾಳಿ 30°ಯಿಂದ 50° ಸೆಲ್ಸಿಯಸ್‌ಗೆ ಕಾದರೆ ಸುಮಾರು 65 ಮಿಲಿಲೀಟರಿನಷ್ಟು ಹಿಗ್ಗಿ ಹೊರಹೋಗುತ್ತದೆ. ತಣಿದಾಗ ಅಷ್ಟೇ ಗಾಳಿ ಒಳಬರುತ್ತದೆ. ಮುಚ್ಚಳದ ಅಂಚಿನಲ್ಲಿ ಮಳೆನೀರು ನಿಂತಿದ್ದರೆ ಗಾಳಿಯ ಬದಲು ಆ ನೀರೇ ಒಳಸೇರಬಹುದು. ತೊಳೆದ ಮರುದಿನ ಬೈಕಿನ ಮೀಟರ್ ಮಸುಕಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ಮಂಜು ಮತ್ತು ನೀರಿನ ವ್ಯತ್ಯಾಸ

ಪರಿಹಾರಕ್ಕೆ ಮೊದಲು ತಿಳಿಯಬೇಕಾದದ್ದು ಈ ವ್ಯತ್ಯಾಸ. 30° ಸೆಲ್ಸಿಯಸ್‌ನಲ್ಲಿ ಪರ್ಯಾಪ್ತವಾದ ಒಂದು ಲೀಟರ್ ಗಾಳಿಯನ್ನು 20°ಗೆ ತಣಿಸಿದರೆ ದೊರೆಯುವ ನೀರು ಸುಮಾರು 13 ಮಿಲಿಗ್ರಾಂ, ಅಂದರೆ ಒಂದು ಹನಿಗಿಂತಲೂ ಕಡಿಮೆ. ಮುಚ್ಚಳವನ್ನು ಮಸುಕಾಗಿಸಲು ಅಷ್ಟು ಸಾಕು, ಆದರೆ ಅದು ಧಾರೆಯಾಗಿ ಹರಿಯಲಾರದು. ಹೀಗಾಗಿ ತೆಳುವಾದ ಮಂಜು ಗಾಳಿಯಲ್ಲಿದ್ದ ತೇವದ ಗುರುತು. ಕೆಳಗಿಳಿಯುವ ಹನಿ, ತಳದಲ್ಲಿ ನಿಂತ ನೀರು, ಒಣಗಿದ ಮೇಲೆ ಉಳಿಯುವ ಕಲೆಗಳು ಎಲ್ಲಿಂದಲೋ ನೀರು ಸೇರುತ್ತಿರುವುದರ ಗುರುತು.

ಬೈಕುಗಳಲ್ಲಿ ನೀರು ಹೆಚ್ಚಾಗಿ ಬಿರುಕುಬಿಟ್ಟ ಮುಚ್ಚಳ, ಗಟ್ಟಿಯಾದ ರಬ್ಬರ್ ಅಂಚು ಅಥವಾ ವೈರಿಂಗ್ ಹಾದುಹೋಗುವ ರಂಧ್ರದಿಂದ ಬರುತ್ತದೆ. ಕಾರಿನ ಮೀಟರ್ ಸೂರಿನಡಿ ಇರುವುದರಿಂದ ಅಲ್ಲಿ ಹನಿಗಳು ಕಂಡರೆ ಮುಂಗಾಜಿನ ಅಂಚು, ಸನ್‌ರೂಫಿನ ನೀರುಕೊಳವೆ, ಎಲೆ ತುಂಬಿ ಕಟ್ಟಿಕೊಂಡ ವೈಪರ್ ಕೆಳಗಿನ ತೊಟ್ಟಿ ಇವನ್ನು ಪರಿಶೀಲಿಸಬೇಕಾಗುತ್ತದೆ. ಕಾಲುಹಾಸು ಒದ್ದೆಯಾಗಿದ್ದು ಮುಂಗಾಜಿನ ಒಳಮೈಯಲ್ಲಿ ಜಿಡ್ಡು ಪೊರೆಯೂ ಸಿಹಿ ವಾಸನೆಯೂ ಇದ್ದರೆ ಅದು ಮಳೆನೀರಲ್ಲ. ಹೀಟರ್‌ನಿಂದ ಸೋರುವ ಕೂಲಂಟ್ ಆಗಿರುವ ಸಂಭವ ಹೆಚ್ಚು. ಕೂಲಂಟ್ ಕಡಿಮೆಯಾದರೆ ಎಂಜಿನ್ ಅತಿಯಾಗಿ ಕಾಯುವುದರಿಂದ ಇದನ್ನು ಮುಂದೂಡುವಂತಿಲ್ಲ.

ಹಾನಿ

ಕೇಬಲ್‌ನಿಂದ ನಡೆಯುವ ಹಳೆಯ ವೇಗಮಾಪಕದಲ್ಲಿ ತಿರುಗುವ ಆಯಸ್ಕಾಂತವು ಅಲ್ಯೂಮಿನಿಯಂ ಬಟ್ಟಲನ್ನು ಸೆಳೆಯುತ್ತದೆ, ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಅಚ್ಚು ತುಕ್ಕು ಹಿಡಿದರೆ ಮುಳ್ಳು ಅಂಟಿಕೊಂಡು ವೇಗವನ್ನು ತಪ್ಪಾಗಿ ತೋರಿಸಬಹುದು. ಈಗಿನ ಮೀಟರ್‌ಗಳಲ್ಲಿ ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳು ಹಸಿರುಗಟ್ಟಿ ತುಂಡಾಗುತ್ತವೆ, ಇಲ್ಲವೇ ತೇವದ ಮೂಲಕ ವಿದ್ಯುತ್ ಸೋರುತ್ತದೆ. ಬೆಳಗದ ಎಚ್ಚರಿಕೆ ದೀಪವು ತಪ್ಪು ಓದಿಗಿಂತ ಅಪಾಯಕರ, ಏಕೆಂದರೆ ಚಾಲಕನು ಎಲ್ಲವೂ ಸರಿಯಿದೆ ಎಂದೇ ಭಾವಿಸುತ್ತಾನೆ. ಕೀಲಿ ತಿರುಗಿಸಿದಾಗ ದೀಪಗಳೆಲ್ಲ ಕ್ಷಣಕಾಲ ಬೆಳಗುತ್ತವೆಯೇ ಎಂದು ನೋಡುವುದು ಇದಕ್ಕೆ ಸರಳ ಪರೀಕ್ಷೆ.

ಒಣಗಿಸುವಿಕೆ

ತೆಳು ಮಂಜಾದರೆ ವಾಹನವನ್ನು ಕೆಲವು ದಿನ ಒಣ ಜಾಗದಲ್ಲಿ ನಿಲ್ಲಿಸುವುದು ಅಥವಾ ಕಾರಿನ ಬಿಸಿಗಾಳಿಯನ್ನು ಎ.ಸಿ. ಜೊತೆಗೆ ಚಾಲನೆಯಲ್ಲಿಡುವುದು ಸಾಕಾಗಬಹುದು, ಎ.ಸಿ. ಗಾಳಿಯ ತೇವವನ್ನು ಮೊದಲೇ ತೆಗೆದುಬಿಡುತ್ತದೆ. ಹನಿಗಳಿದ್ದರೆ ಮೀಟರ್ ಬಿಚ್ಚಬೇಕಾಗುತ್ತದೆ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಏರ್‌ಬ್ಯಾಗ್ ಇರುವ ವಾಹನದಲ್ಲಿ ಕೈಪಿಡಿ ಹೇಳುವಷ್ಟು ಹೊತ್ತು ಕಾದ ನಂತರವೇ ಈ ಕೆಲಸ ನಡೆಯತಕ್ಕದ್ದು. ಬಿಚ್ಚಿದ ಪೆಟ್ಟಿಗೆಯನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಒಂದೆರಡು ದಿನ ಇಡುವುದು ನಿಧಾನವಾದರೂ ಸುರಕ್ಷಿತ. ಬಹುಪ್ರಚಾರದಲ್ಲಿರುವ ಅಕ್ಕಿಯ ಉಪಾಯ ಅದರ ಹತ್ತಿರಕ್ಕೂ ಬರುವುದಿಲ್ಲ, ಜೊತೆಗೆ ಹಿಟ್ಟಿನ ಧೂಳನ್ನೂ ಬಿಡುತ್ತದೆ. ಹೇರ್ ಡ್ರೈಯರನ್ನು ಹತ್ತಿರ ಹಿಡಿದರೆ ಪ್ಲಾಸ್ಟಿಕ್ ಮುಚ್ಚಳ ಸೊಟ್ಟಗಾಗಬಹುದು. ಅಕ್ರಿಲಿಕ್ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಿದರೆ ಸಣ್ಣ ಬಿರುಕುಗಳೇಳುವುದುಂಟು.

ಮುಚ್ಚಳವನ್ನು ಮತ್ತೆ ಕೂರಿಸುವಾಗ ಸುತ್ತಲೂ ಸಿಲಿಕೋನ್ ಮೆತ್ತಿ ಪೂರ್ತಿ ಮುಚ್ಚಿಬಿಡುವುದು ಸಾಮಾನ್ಯ ತಪ್ಪು. ಉಸಿರುರಂಧ್ರವೂ ಮುಚ್ಚಿಹೋದರೆ ಉಳಿದ ತೇವಕ್ಕೆ ಹೊರದಾರಿಯಿಲ್ಲ, ಒತ್ತಡದ ಏರಿಳಿತವು ಅತ್ಯಂತ ದುರ್ಬಲವಾದ ಅಂಚನ್ನೇ ಹುಡುಕಿಕೊಳ್ಳುತ್ತದೆ. ಹುಳಿ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುವುದರಿಂದ ತಾಮ್ರಕ್ಕೂ ಹಾನಿಕರ. ಕೆಲವು ತಯಾರಿಕೆಗಳು ರಂಧ್ರಕ್ಕೆ ಹಿಗ್ಗಿಸಿದ ಪಿಟಿಎಫ್‌ಇ ಪೊರೆಯನ್ನು ಅಳವಡಿಸುತ್ತವೆ; ಅದು ಗಾಳಿಯನ್ನೂ ಆವಿಯನ್ನೂ ಬಿಡುತ್ತದೆ, ನೀರ ಹನಿಯನ್ನು ತಡೆಯುತ್ತದೆ.

ಬದಲಾವಣೆ

ಬೋರ್ಡ್ ಕೆಟ್ಟಿದ್ದರೆ ಮೀಟರನ್ನೇ ಬದಲಾಯಿಸಬೇಕಾಗುತ್ತದೆ. ಆಗ ವಾಹನ ಕ್ರಮಿಸಿದ ದೂರದ ಲೆಕ್ಕವೂ ಬದಲಾಗಬಹುದಾದ್ದರಿಂದ ಹಳೆಯ ಓದನ್ನು ನಮೂದಿಸಿದ ರಸೀದಿಯು ಮುಂದೆ ವಾಹನ ಮಾರುವಾಗ ಬೇಕಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಒಕ್ಕೂಟ ಕಾನೂನಿನ ಪ್ರಕಾರ, ಹಳೆಯ ಓದನ್ನು ಉಳಿಸಿಕೊಳ್ಳಲಾಗದಿದ್ದರೆ ದೂರಮಾಪಕವನ್ನು ಸೊನ್ನೆಗೆ ತಂದು, ಹಿಂದಿನ ದೂರ ಮತ್ತು ಬದಲಾಯಿಸಿದ ದಿನಾಂಕವನ್ನು ಬರೆದ ಚೀಟಿಯನ್ನು ಎಡಬಾಗಿಲ ಚೌಕಟ್ಟಿಗೆ ಅಂಟಿಸಬೇಕು.