ಗಿಳಿಪಾಠ: 1823ರ ಬಳ್ಳಾರಿಯಿಂದ ಎಐ ಕಾಲದವರೆಗೆ

ಕೊಟ್ಟೂರಿನ ಹೈಸ್ಕೂಲ್ ಹುಡುಗಿಯೊಬ್ಬಳು ಇವತ್ತು ಮೊಬೈಲಿಗೆ ಒಂದು ಪ್ರಶ್ನೆ ಹಾಕಿದರೆ ಸಾಕು, ಅರೆಕ್ಷಣದಲ್ಲಿ ಪ್ರಬಂಧ ರೆಡಿ. ಪುಟ ತುಂಬುತ್ತೆ, ಮಾರ್ಕ್ಸೂ ಸಿಗಬಹುದು. ಆದರೆ ಅವಳು ಕಲಿತಳಾ? ಇದು ಹೊಸ ಪ್ರಶ್ನೆಯಲ್ಲ. ಇದೇ ಸೀಮೆಯಲ್ಲಿ ಇನ್ನೂರು ವರ್ಷದ ಹಿಂದೆಯೇ ಇಂಥದ್ದೊಂದು ಪ್ರಶ್ನೆ ಎದ್ದಿತ್ತು.

1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ, ಊರೂರಿನ ಶಾಲೆಗಳ ಲೆಕ್ಕ ಕೊಡಿ ಅಂತ ಕಲೆಕ್ಟರುಗಳನ್ನು ಕೇಳಿದರು. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೊಟ್ಟೂರು ಆಗ ಬಳ್ಳಾರಿ ಜಿಲ್ಲೆಯ ಊರು. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ವರದಿ ಕಳಿಸಿದರು. ಜಿಲ್ಲೆಯಲ್ಲಿ 533 ಶಾಲೆಗಳು. ಅದರಲ್ಲಿ 235 ಕನ್ನಡದವು, 226 ತೆಲುಗಿನವು. ಮಕ್ಕಳು 6,641, ಅವರಲ್ಲಿ ಹೆಣ್ಣುಮಕ್ಕಳು ಬರೀ 60.

ಬೆಳಗ್ಗೆ ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಬೆತ್ತದೇಟು. ನಾಲ್ಕನೆಯವನಿಗೆ ಎರಡು! ಅಕ್ಷರವನ್ನು ಮರಳಲ್ಲಿ ಬೆರಳಿಂದ ತೀಡಬೇಕು. ಮುಂದೆ ಕಲಿತ ಹುಡುಗರು ಹಿಂದಿದ್ದವರಿಗೆ ಹೇಳಿಕೊಡಬೇಕು. ಹೇಳಿಕೊಡುವವನ ಕಲಿಕೆಯೂ ಇದರಿಂದ ಗಟ್ಟಿಯಾಗುತ್ತೆ ಅಂತ ಕ್ಯಾಂಪ್‌ಬೆಲ್ ಮೆಚ್ಚಿಕೊಂಡರು. ಈ ಪದ್ಧತಿ ಆಂಡ್ರ್ಯೂ ಬೆಲ್ ಅವರ ಮೂಲಕ ‘ಮದ್ರಾಸ್ ಪದ್ಧತಿ’ ಎಂಬ ಹೆಸರಲ್ಲಿ ಇಂಗ್ಲೆಂಡಿಗೂ ಹೋಗಿತ್ತು.

ಆದರೆ ಅದೇ ವರದಿಯಲ್ಲಿ ಒಂದು ಕಟುವಾದ ಮಾತೂ ಇದೆ. ಮಕ್ಕಳು ರಾಶಿ ಪದ್ಯ ಬಾಯಿಪಾಠ ಒಪ್ಪಿಸ್ತಾರೆ, ಅರ್ಥ ಮಾತ್ರ ಗಿಳಿಗೆ ಗೊತ್ತಿರುವಷ್ಟೇ ಗೊತ್ತು ಅನ್ನೋದು ಅದರ ಸಾರ. ಕಾರಣ? ಪುಸ್ತಕದ ಭಾಷೆ ಆಡುಮಾತಿನದಲ್ಲ. ಎಷ್ಟೋ ಕಡೆ ಕಲಿಸುವವರಿಗೂ ಅರ್ಥ ತಿಳಿದಿರಲಿಲ್ಲ. ಜನ ಬಡವಾಗಿ ಶಾಲೆಗಳು ಮುಚ್ಚುತ್ತಿವೆ ಅಂತಲೂ ಅವರು ಬರೆದರು. ಕಂಪನಿಯ ಅಧಿಕಾರಿ ಕಂಡ ಚಿತ್ರ ಇದು, ಆ ಎಚ್ಚರ ನಮಗಿರಲಿ. ಆದರೂ ಗಿಳಿಪಾಠದ ದೂರು ಸುಳ್ಳು ಅನ್ನೋಕಾಗಲ್ಲ, ನಾವೂ ಹಾಗೇ ಓದಿ ಪಾಸಾದವರಲ್ಲವೇ?

ಈಗ 2021ಕ್ಕೆ ಬನ್ನಿ. ಭಾಷಾವಿಜ್ಞಾನಿ ಎಮಿಲಿ ಬೆಂಡರ್ ಮತ್ತು ಸಂಗಡಿಗರು ಇಂಥ ಭಾಷಾ ಯಂತ್ರಗಳನ್ನೇ ಗಿಳಿಗೆ ಹೋಲಿಸಿದರು: ಅರ್ಥದ ಗೊಡವೆಯಿಲ್ಲದೆ ಪದಕ್ಕೆ ಪದ ಜೋಡಿಸುವ ಗಿಳಿ. ಈ ಹೋಲಿಕೆಯನ್ನು ಒಪ್ಪದವರೂ ಇದ್ದಾರೆ. ಆದರೆ ಅಂದು ಗಿಳಿಯಾದ ಮಗುವಿಗೆ ಕಡೇಪಕ್ಷ ಪದ್ಯವಾದರೂ ಬಾಯಲ್ಲಿ ಉಳಿಯುತ್ತಿತ್ತು. ಇಂದು ಬಾಯಿಪಾಠದ ಕೆಲಸವೂ ಯಂತ್ರದ್ದೇ, ಮಗುವಿನ ಹತ್ತಿರ ಏನೂ ಉಳಿಯದೇ ಹೋಗಬಹುದು.

ಹಾಗಂತ ಮೊಬೈಲ್ ಕಿತ್ತುಕೊಂಡರೆ ಮುಗಿಯಲ್ಲ. ಮದ್ದು ಅದೇ ಹಳೇ ಶಾಲೆಯಲ್ಲಿದೆ. ಪ್ರಬಂಧ ತಂದ ಹುಡುಗಿಗೆ ಮೇಷ್ಟ್ರು ಹೇಳಲಿ: ‘ಪುಟ ಮುಚ್ಚಿಡವ್ವಾ, ಇದನ್ನ ಆರನೇ ಕ್ಲಾಸಿನ ಹುಡುಗನಿಗೆ ನಿನ್ನ ಮಾತಲ್ಲಿ ಹೇಳಿಕೊಡು.’ ಅವನು ‘ಯಾಕೆ?’ ಅಂತ ಕೇಳಿದಾಗ ಅವಳು ತಡವರಿಸಿದರೆ, ಕಲಿಕೆ ಶುರುವಾಗೋದು ಅಲ್ಲಿಂದಲೇ.