ವಾಲ್ಟ್ಜ್: ಕುಣಿತವೋ, ತಿರುಗಾಟವೋ?

ಆಸ್ಟ್ರೇಲಿಯದ 'ವಾಲ್ಟ್ಜಿಂಗ್ ಮಟಿಲ್ಡಾ' ಹಾಡಿನಲ್ಲಿ ವಾಲ್ಟ್ಜ್ ಕುಣಿತವೂ ಇಲ್ಲ, ಮಟಿಲ್ಡಾ ಎಂಬ ಹೆಣ್ಣೂ ಇಲ್ಲ. ಅಲ್ಲಿ ಮಟಿಲ್ಡಾ ಎಂದರೆ ಕೂಲಿ ಹುಡುಕುತ್ತ ಊರಿಂದೂರಿಗೆ ನಡೆಯುವವನ ಹೆಗಲ ಮೇಲಿನ ಕಂಬಳಿಯ ಗಂಟು. ವಾಲ್ಟ್ಜ್‌ನ ಲಯ ಮೂರೆಣಿಕೆಯದು. ಜನ ಹಾಡುತ್ತ ಬಂದ ಈ ಹಾಡು ಸಾಗುವುದು ನಾಲ್ಕೆಣಿಕೆಯಲ್ಲಿ, ಹೆಜ್ಜೆ ಹಾಕುವ ನಡೆಯಲ್ಲಿ. ಹೀಗಿದ್ದೂ ಹೆಸರಿನಲ್ಲೇ ವಾಲ್ಟ್ಜ್ ಬಂದು ಕೂತಿದೆ.

ಜರ್ಮನ್ನಿನ 'ವಾಲ್ಟ್‌ಸೆನ್' ಕ್ರಿಯಾಪದಕ್ಕೆ ಉರುಳು, ಹೊರಳು, ಸುತ್ತು ಎಂಬ ಅರ್ಥಗಳಿವೆ. ರೋಲರಿಗೆ ಅಲ್ಲಿ 'ವಾಲ್ಟ್‌ಸೆ' ಎನ್ನುತ್ತಾರೆ. ಲ್ಯಾಟಿನ್ನಿನ 'ವೊಲ್ವೆರೆ' ಇದರ ದೂರದ ನೆಂಟ. ಈ ಪದದ ಒಂದು ಕವಲು ನೃತ್ಯಶಾಲೆಗೆ ಹೋಯಿತು. ಗಂಡು ಹೆಣ್ಣು ತಬ್ಬಿಕೊಂಡು ಗಿರಗಿರನೆ ಸುತ್ತುವ ಕುಣಿತಕ್ಕೆ ಅದೇ ಹೆಸರಾಯಿತು. 1816ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಈ ಕುಣಿತವನ್ನು ಅಸಭ್ಯವೆಂದು ಜರೆಯಿತು. ಇನ್ನೊಂದು ಕವಲು ಹಿಡಿದದ್ದು ಹೆದ್ದಾರಿಯನ್ನು. ಬಡಗಿ, ಗಾರೆ ಕೆಲಸದ ಜರ್ಮನ್ ಹುಡುಗರು ಕಸುಬು ಕಲಿತ ಮೇಲೆ ಮನೆ ಬಿಟ್ಟು ಮೂರು ವರ್ಷ ಒಂದು ದಿನ ಊರೂರು ಸುತ್ತಿ ದುಡಿಯಬೇಕೆಂಬ ಹಳೆಯ ಕಟ್ಟಳೆಯಿದೆ. ಆ ಅಲೆದಾಟದ ಹೆಸರು 'ವಾಲ್ಟ್ಸ್'.

ಸುತ್ತುವ ಕ್ರಿಯೆ ಅಲೆಯುವ ಕ್ರಿಯೆಯಾಗುವುದು ಕನ್ನಡಿಗರಿಗೆ ಹೊಸತಲ್ಲ. ನಮ್ಮ 'ತಿರುಗು' ನೋಡಿ: ಬುಗುರಿಯೂ ತಿರುಗುತ್ತದೆ, ಕೆಲಸವಿಲ್ಲದವನೂ ಬೀದಿ ತಿರುಗುತ್ತಾನೆ. ಹಳೆಯ 'ತಿರಿ' ಧಾತುವಿನಲ್ಲಿ ಸುತ್ತುವುದು, ಅಲೆಯುವುದು, ಬೇಡುವುದು ಮೂರೂ ಸೇರಿವೆ. ತಿರುಕ, ತಿರುಪೆ ಎಂಬ ಮಾತುಗಳು ಅಲ್ಲಿಯವೇ. ಯಕ್ಷಗಾನ ಮೇಳಗಳ ವರ್ಷದ ಸಂಚಾರಕ್ಕೆ ಕರಾವಳಿಯಲ್ಲಿ ಇಂದಿಗೂ 'ತಿರುಗಾಟ' ಎಂದೇ ಹೆಸರು. ಕುಣಿಯುವವರ ಅಲೆದಾಟ ಅದು! ಜರ್ಮನ್ ಪದ ಎರಡು ದಾರಿಗೆ ಹಂಚಿಕೊಟ್ಟದ್ದನ್ನು ನಮ್ಮ ಒಂದು ಪದ ಒಟ್ಟಿಗೆ ಹೊತ್ತಿದೆ. ಎರಡು ಭಾಷೆಗಳಿಗೂ ರಕ್ತಸಂಬಂಧವಿಲ್ಲ. ಮನುಷ್ಯನ ಕಾಲು ಮಾತ್ರ ಎಲ್ಲ ಕಡೆಯೂ ಒಂದೇ.

ಹಾಡಿನ ಹುಟ್ಟಿನ ಬಗ್ಗೆ ಜಗಳ ದೊಡ್ಡದು. 1895ರಲ್ಲಿ ಕ್ವೀನ್ಸ್‌ಲೆಂಡಿನ ವಿಂಟನ್ ಬಳಿಯ ಡ್ಯಾಗ್‌ವರ್ತ್ ಕುರಿಸಾಕಣೆಯಲ್ಲಿ ಅತಿಥಿಯಾಗಿದ್ದ ಕವಿ ಬ್ಯಾಂಜೊ ಪ್ಯಾಟರ್ಸನ್ ಇದಕ್ಕೆ ಸಾಹಿತ್ಯ ಬರೆದರು. ರಾಗ ನುಡಿಸಿದವರು ಕ್ರಿಸ್ಟಿನಾ ಮ್ಯಾಕ್‌ಫರ್ಸನ್. 1894ರಲ್ಲಿ ವಾರ್ನಂಬೂಲ್ ಕುದುರೆ ಪಂದ್ಯದಲ್ಲಿ ವಾದ್ಯಮೇಳ ನುಡಿಸಿದ 'ಕ್ರೇಗಿಲೀ' ಎಂಬ ರಾಗ ಅವರ ಕಿವಿಯಲ್ಲಿ ಉಳಿದಿತ್ತು. ಅದರ ಬೇರು ಸ್ಕಾಟ್ಲೆಂಡಿನ ಹಾಡೊಂದರಲ್ಲಿದೆ. ಇಂದು ಎಲ್ಲರೂ ಹಾಡುವ ರೂಪಕ್ಕೆ 1903ರಲ್ಲಿ ಮೇರಿ ಕೋವನ್ ಕೈ ಹಾಕಿದರು, ಅದೂ ಒಂದು ಚಹಾದ ಪ್ರಚಾರಕ್ಕಾಗಿ. 'ದಿ ಬೋಲ್ಡ್ ಫ್ಯೂಸಿಲಿಯರ್' ಎಂಬ ಇಂಗ್ಲಿಷ್ ಸೈನಿಕರ ಹಳೆಯ ಹಾಡೇ ಮೂಲವೆಂದು ವಾದಿಸುವವರೂ ಇದ್ದಾರೆ. ಅದು ಪ್ಯಾಟರ್ಸನ್‌ಗಿಂತ ಹಿಂದೆ ಅಚ್ಚಾದ ಸಾಕ್ಷ್ಯವಿಲ್ಲದೆ ಆ ವಾದವನ್ನು ನಾನು ಒಪ್ಪಲಾರೆ. ಸೈನಿಕರ ಬೆನ್ನುಹತ್ತಿ ಹೋಗುತ್ತಿದ್ದ ಜರ್ಮನ್ ಹೆಂಗಸರಿಗೆ ಮಟಿಲ್ಡಾ ಎಂದು ಹೆಸರಿತ್ತು, ಚಳಿಗೆ ಅವರ ಬದಲು ಕಂಬಳಿ ಬಂತು ಎಂಬ ಕಥೆಯೂ ನನಗೆ ಆಮೇಲೆ ಹೆಣೆದದ್ದೆಂದೇ ತೋರುತ್ತದೆ.

ಹೆಸರಿನೊಳಗಿನ ವಾಲ್ಟ್ಜ್‌ಗೆ ಗಟ್ಟಿ ಸುಳಿವು ಬೇರೆಡೆಯಿದೆ. ಹಾಡು ಹುಟ್ಟುವ ಎರಡು ವರ್ಷ ಮೊದಲು, 1893ರಲ್ಲಿ, ಆಸ್ಟ್ರೇಲಿಯದ ಲೇಖಕ ಹೆನ್ರಿ ಲಾಸನ್ ತಮ್ಮ ಬರಹವೊಂದರಲ್ಲಿ ಅಲೆಮಾರಿಗಳ ಬಗ್ಗೆ ಜನ ಆಡುವ ಮಾತುಗಳನ್ನು ಹೆಸರಿಸುತ್ತಾರೆ. ಅವುಗಳಲ್ಲಿ 'ವಾಕಿಂಗ್ ಮಟಿಲ್ಡಾ' ಒಂದು. ವಾಲ್ಟ್ಜ್ ಇರಬೇಕಾದ ಜಾಗದಲ್ಲಿ ಅಲ್ಲಿ ನಡಿಗೆಯಿದೆ. ದಕ್ಷಿಣ ಆಸ್ಟ್ರೇಲಿಯಕ್ಕೆ 1838ರಿಂದಲೇ ಜರ್ಮನ್ ವಲಸಿಗರು ಬಂದು ನೆಲೆಸಿದ್ದರು. ಅವರ 'ವಾಲ್ಟ್ಸ್' ಈ ದಾರಿಹೋಕರ ಬಾಯಿಗೆ ಬಂದಿತೆಂಬ ವಾದವೇ ನನಗೆ ಒಪ್ಪಿತ.

ಈ ಹಾಡನ್ನು ಕನ್ನಡಕ್ಕೆ ತರುವ ಗೆಳೆಯರಲ್ಲಿ ಒಂದು ವಿನಂತಿ: ದಯವಿಟ್ಟು 'ನರ್ತಿಸುವ ಮಟಿಲ್ಡಾ' ಎಂದು ಬರೆಯಬೇಡಿ. ಆ ಗಂಟಿಗೆ ಹೊಂದುವ ಮಾತು ತಿರುಗಾಟ.