ಕಡಲಿನ ಉಪ್ಪಿನ ಲೆಕ್ಕ

ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹಾದಾಯಿಯು ಘಟ್ಟವಿಳಿದು, ಗೋವೆಯಲ್ಲಿ ಮಾಂಡವಿ ಎನಿಸಿಕೊಂಡು, ಪಣಜಿಯ ಮಗ್ಗುಲಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹೊಟ್ಟೆಪಾಡಿಗಾಗಿ ಗೋವೆಗೆ ಬಂದ ನಮ್ಮ ಜನರಲ್ಲಿ ಅನೇಕರು ಇಳಿದ ದಾರಿಯೂ ಹೆಚ್ಚುಕಡಿಮೆ ಅದೇ ಘಟ್ಟದ ದಾರಿಯೇ. ಬಹಳ ವರ್ಷಗಳ ಹಿಂದೆ ನಾವು ಆ ತಾಲ್ಲೂಕಿನ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಮಿರಾಮಾರ್ ಕಡಲತೀರಕ್ಕೆ ಕರೆತಂದಿದ್ದೆವು. ಒಬ್ಬ ಹುಡುಗ ಕಡಲ ನೀರನ್ನು ನಾಲಿಗೆಗೆ ಹಚ್ಚಿಕೊಂಡು ಕೇಳಿದ: “ಸರ್, ನಮ್ಮ ಹೊಳೀ ನೀರು ಸಿಹಿ ಐತಿ. ಅದು ಬಂದು ಸೇರೋ ಈ ನೀರು ಉಪ್ಪು ಯಾಕ್ರಿ?” “ಹೊಳೆಗಳೇ ನೆಲದ ಉಪ್ಪನ್ನು ಕರಗಿಸಿ ತರುತ್ತವೆ” ಎಂದೆವು. “ಹಂಗಾದ್ರ ಹೊಳಿಯಾಗಿನ ಉಪ್ಪು ನಾಲಿಗಿಗೆ ಯಾಕ ಹತ್ತಂಗಿಲ್ರಿ?” ಎಂದ. ನಾವು ಬಿ.ಎ. ಓದಿದವರು, ಕಲಿಸಿದ್ದು ಇತಿಹಾಸ. “ಬಸ್ಸಿಗೆ ಹೊತ್ತಾಯಿತು, ನಡೆ” ಎಂದುಬಿಟ್ಟೆವು. ಆ ಸಾಲವನ್ನು ತೀರಿಸುವ ಪ್ರಯತ್ನವೇ ಈ ಬರಹ.

ನಮ್ಮ ಉತ್ತರ ಸುಳ್ಳಲ್ಲ, ಅರ್ಧ ಮಾತ್ರ. ಹೊಳೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಲವಣವು ಸಾಮಾನ್ಯವಾಗಿ ಒಂದು ಗ್ರಾಮಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಅಷ್ಟು ನಾಲಿಗೆಗೆ ತಿಳಿಯುವುದಿಲ್ಲ. ಕಡಲಿನ ಒಂದು ಕಿಲೋ ನೀರಿನಲ್ಲಾದರೋ ಸರಾಸರಿ 35 ಗ್ರಾಂ ಲವಣವಿದೆ. ಹೊಳೆಗಳು ಅನಾದಿಯಿಂದ ಚಿಟಿಕೆ ಚಿಟಿಕೆಯಾಗಿ ತಂದು ಹಾಕುತ್ತಿವೆ. ಸೂರ್ಯನು ನೀರನ್ನಷ್ಟೇ ಆವಿಯಾಗಿಸಿ, ಲವಣವನ್ನು ಕಡಲಲ್ಲೇ ಉಳಿಸುತ್ತಾನೆ.

ಈ ಜಮೆಯ ಲೆಕ್ಕದಿಂದ ಭೂಮಿಯ ವಯಸ್ಸನ್ನೇ ಅಳೆಯಬಹುದೆಂದು 1715ರಲ್ಲಿ ಸೂಚಿಸಿದವನು, ಧೂಮಕೇತುವಿಗೆ ಹೆಸರಾದ ಎಡ್ಮಂಡ್ ಹ್ಯಾಲಿ. 1899ರಲ್ಲಿ ಐರ್ಲೆಂಡಿನ ಜಾನ್ ಜಾಲಿ ಆ ಲೆಕ್ಕವನ್ನು ಮಾಡಿಯೇ ನೋಡಿದನು. ಕಡಲಲ್ಲಿರುವ ಸೋಡಿಯಂ ಅನ್ನು, ಹೊಳೆಗಳು ವರ್ಷವರ್ಷ ತರುವ ಸೋಡಿಯಂನಿಂದ ಭಾಗಿಸಿದಾಗ ಬಂದ ಉತ್ತರ 8ರಿಂದ 9 ಕೋಟಿ ವರ್ಷ. ಇಂದು ನಮಗೆ ತಿಳಿದಿರುವಂತೆ ಭೂಮಿಯ ವಯಸ್ಸು 450 ಕೋಟಿ ವರ್ಷಗಳನ್ನು ಮೀರಿದೆ. ಭಾಗಾಕಾರ ತಪ್ಪಿರಲಿಲ್ಲ, ಕಡಲು ಜಮೆಯನ್ನಷ್ಟೇ ಮಾಡುತ್ತದೆ, ಖರ್ಚು ಮಾಡುವುದಿಲ್ಲ ಎಂಬ ನಂಬಿಕೆ ತಪ್ಪಾಗಿತ್ತು.

ಖರ್ಚಿನ ಸುಳಿವು ನೀರಿನ ಗುಣದಲ್ಲಿಯೇ ಇತ್ತು. 1872ರಿಂದ 1876ರವರೆಗೆ ಬ್ರಿಟನ್ನಿನ ‘ಚಾಲೆಂಜರ್’ ಹಡಗು ಭೂಮಂಡಲವನ್ನು ಸುತ್ತಿ ನೀರಿನ ಮಾದರಿಗಳನ್ನು ತಂದಿತು. ಅವುಗಳಲ್ಲಿ 77ನ್ನು ಪರೀಕ್ಷಿಸಿದ ರಸಾಯನವಿಜ್ಞಾನಿ ವಿಲಿಯಂ ಡಿಟ್ಮಾರ್ 1884ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಯಾವ ಸಾಗರದ ನೀರಾದರೂ ಸರಿ, ಉಪ್ಪು ಹೆಚ್ಚಿರಲಿ ಕಡಿಮೆಯಿರಲಿ, ಮುಖ್ಯ ಲವಣಾಂಶಗಳ ಪರಸ್ಪರ ಪ್ರಮಾಣ ಬಹುಮಟ್ಟಿಗೆ ಒಂದೇ: ನೂರರಲ್ಲಿ ಸುಮಾರು 55 ಪಾಲು ಕ್ಲೋರೈಡ್, 31 ಪಾಲು ಸೋಡಿಯಂ, ಉಳಿದದ್ದರಲ್ಲಿ ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಆದುದರಿಂದಲೇ, ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡುವಂತೆ, ಸಿಲ್ವರ್ ನೈಟ್ರೇಟ್ ದ್ರಾವಣದಿಂದ ಕ್ಲೋರೈಡನ್ನು ಮಾತ್ರ ಅಳೆದು ಒಟ್ಟು ಉಪ್ಪನ್ನು ಹೇಳುವ ಪದ್ಧತಿಯು ಬಹುಕಾಲ ನಡೆಯಿತು.

ಆದರೆ ಹೊಳೆಯ ನೀರಿನಲ್ಲಿ ಸಾಮಾನ್ಯವಾಗಿ ಮುಂದಿರುವುದು ಸೋಡಿಯಂ, ಕ್ಲೋರೈಡ್ ಅಲ್ಲ. ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್. ಕಡಲನ್ನು ಸೇರಿದ ಮೇಲೆ ಅವು ಎಲ್ಲಿ ಹೋದವು? ಬಳಚು, ಶಂಖ, ಹವಳಗಳೂ ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳೂ ಅವನ್ನು ಹೀರಿ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತಾಗ ತಳಕ್ಕೆ ಇಳಿದು ಸುಣ್ಣದ ಕಲ್ಲಾಗುತ್ತವೆ. ಹಿಂದಿನವರು ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ ಮನೆ ಕಟ್ಟಿದರಲ್ಲ, ಆ ಸುಣ್ಣವೂ ಒಮ್ಮೆ ಯಾವುದೋ ಹೊಳೆ ತಂದದ್ದೇ. ಕ್ಲೋರೈಡ್ ಬಹುಪಾಲು ಭೂಗರ್ಭದಿಂದ, ಜ್ವಾಲಾಮುಖಿಗಳ ಅನಿಲದ ಮೂಲಕ ಬಂದದ್ದು. 1977ರಲ್ಲಿ ಗಲಾಪಗೋಸ್ ಬಳಿಯ ಕಡಲತಳದಲ್ಲಿ ಬಿಸಿನೀರಿನ ಬುಗ್ಗೆಗಳು ಸಿಕ್ಕಿದವು. ಅಲ್ಲಿ ಕಡಲ ನೀರು ಕಾದ ಬಂಡೆಯೊಳಗೆ ಹಾದು ಮೆಗ್ನೀಷಿಯಂ ಅನ್ನು ಕಳೆದುಕೊಂಡು, ಬೇರೆ ಲೋಹಗಳನ್ನು ಹೊತ್ತು ಬರುತ್ತದೆಂದು ತಿಳಿಯಿತು. ಕ್ಯಾಲ್ಸಿಯಂ ಕಡಲಲ್ಲಿ ನಿಲ್ಲುವುದು ಸರಾಸರಿ ಹತ್ತು ಲಕ್ಷ ವರ್ಷಗಳ ಆಸುಪಾಸು. ಸೋಡಿಯಂ ಕೋಟಿಗಟ್ಟಲೆ ವರ್ಷ. ಬೇಗ ಹೋಗುವುದು ಹೋಗಿ, ನಿಧಾನವಾಗಿ ಹೋಗುವುದು ಉಳಿದು ನಮ್ಮ ನಾಲಿಗೆಗೆ ಉಪ್ಪಾಗಿದೆ.

ಈ ರಸಾಯನವನ್ನು ಪುಸ್ತಕವಿಲ್ಲದೆಯೇ ಬಲ್ಲವರು ಉಪ್ಪಿನ ಆಗರದವರು. ಪಣಜಿಯಿಂದ ರಿಬಂದರಿಗೆ ಹೋಗುವ ಹಳೆಯ ಪೋರ್ಚುಗೀಸ್ ಕಟ್ಟೆರಸ್ತೆಯ ಬದಿಯಲ್ಲಿ ಇಂಥ ಆಗರಗಳಿವೆ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿಯೂ ಇದೇ ಕಸುಬು. ನೀರು ಆರುತ್ತ ಬಂದಂತೆ ಮೊದಲು ಸುಣ್ಣದಂಶ, ಆಮೇಲೆ ಜಿಪ್ಸಂ ಇಳಿಯುತ್ತವೆ. ಹತ್ತು ಪಾಲು ನೀರು ಒಂದು ಪಾಲಿಗೆ ಬಂದಾಗ ಅಡುಗೆಯ ಉಪ್ಪು ಹರಳುಗಟ್ಟುತ್ತದೆ. ಕಡೆಗೆ ಉಳಿಯುವ ಮೆಗ್ನೀಷಿಯಂನ ಕಹಿನೀರನ್ನು ಹೊರಗೆ ಬಿಡಬೇಕು. ತಡಮಾಡಿದರೆ ಉಪ್ಪೂ ಕಹಿಯಾಗುತ್ತದೆ.

ಹೊಳೆ ಕೆಳಗಿಳಿಸಿದ ಉಪ್ಪನ್ನು ಮತ್ತೆ ಘಟ್ಟ ಹತ್ತಿಸಿದವರು ಲಮಾಣಿಗಳು. ಎತ್ತುಗಳ ಮೇಲೆ ಧಾನ್ಯವನ್ನು ಕರಾವಳಿಗೆ ತಂದು, ಉಪ್ಪನ್ನು ಹೇರಿಕೊಂಡು ಬಯಲುಸೀಮೆಗೆ ಒಯ್ಯುತ್ತಿದ್ದರು. ಅವರ ಹೆಸರೇ ‘ಲವಣ’ದಿಂದ ಬಂದಿತೆಂದು ಹೇಳುವವರೂ ಇದ್ದಾರೆ. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದವು ಗೋವೆಯ ಉಪ್ಪಿನ ಮೇಲಿನ ಹತೋಟಿಯನ್ನು ಬ್ರಿಟಿಷರಿಗೆ ಒಪ್ಪಿಸಿತು. 1892ರಲ್ಲಿ ಒಪ್ಪಂದ ಮುಗಿಯುವಷ್ಟರಲ್ಲಿ ಅನೇಕ ಆಗರಗಳು ಹಾಳುಬಿದ್ದಿದ್ದವು. ಅದೇ ಒಪ್ಪಂದದಿಂದ ಬಂದ ರೈಲು ಎತ್ತಿನ ಹೇರನ್ನೂ ಹಿಂದಿಕ್ಕಿತು. ಆ ಲಮಾಣಿಗಳ ಮೊಮ್ಮಕ್ಕಳ ಮಕ್ಕಳು ಇಂದು ಗೋವೆಯಲ್ಲಿ ಕಟ್ಟಡಗಳಿಗೆ ಕಲ್ಲು ಹೊರುತ್ತಿದ್ದಾರೆ. ಉಪ್ಪಿನ ಮೇಲಿನ ಅದೇ ದಬ್ಬಾಳಿಕೆಯನ್ನು 1930ರ ಏಪ್ರಿಲ್ 13ರಂದು ಅಂಕೋಲೆಯ ಜನ ಕಡಲದಂಡೆಯಲ್ಲಿ ಉಪ್ಪು ಮಾಡಿ ಮುರಿದರು.

ಇನ್ನು ನಮ್ಮ ಕಾಲದ ಮಾತು. 1965ಕ್ಕೆ ಮುಗಿದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದಲ್ಲಿ ನಮ್ಮ ನೌಕಾದಳದ ‘ಕಿಸ್ತ್ನಾ’ ಹಡಗು ಪಾಲ್ಗೊಂಡಿತ್ತು; ಅದು ನಮ್ಮ ಕೃಷ್ಣಾ ನದಿಗೆ ಇಂಗ್ಲಿಷರು ಇಟ್ಟ ಹೆಸರು. ಆ ಯಾನದ ಫಲವಾಗಿ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಪಣಜಿಯ ದೋನಾ ಪಾವ್ಲಾದಲ್ಲಿ ಅದರ ಕೇಂದ್ರವಿದೆ. ಅರಬ್ಬೀ ಸಮುದ್ರದ ನಡುಪದರದಲ್ಲಿ, ಸುಮಾರು 150ರಿಂದ 1000 ಮೀಟರ್ ಆಳದಲ್ಲಿ, ಆಮ್ಲಜನಕ ಬಹಳ ಕಡಿಮೆ. ಅಲ್ಲಿಯ ಬ್ಯಾಕ್ಟೀರಿಯಾಗಳು ನೈಟ್ರೇಟಿನಿಂದ ಆಮ್ಲಜನಕವನ್ನು ಕಿತ್ತು ಬದುಕುತ್ತವೆ. ಇದನ್ನು ವಿವರವಾಗಿ ಅಳೆದವರಲ್ಲಿ ಈ ಸಂಸ್ಥೆಯವರು ಪ್ರಮುಖರು. ಮಳೆಗಾಲದ ಕೊನೆಗೆ ಅಂಥ ನೀರು ನಮ್ಮ ತೀರದ ಸಮೀಪಕ್ಕೂ ಏರಿಬರುತ್ತದೆ. ಅಲ್ಲಿ ಆಮ್ಲಜನಕದ ಕೊರತೆ ತೀವ್ರಗೊಳ್ಳುತ್ತಿದೆ, ಹೊಲಗಳಿಂದ ಹರಿದುಬರುವ ಗೊಬ್ಬರವೂ ಅದಕ್ಕೆ ಕಾರಣವಾಗಿರಬಹುದು ಎಂದು ಇಲ್ಲಿಯ ಎಸ್.ಡಬ್ಲ್ಯು.ಎ. ನಕ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎಚ್ಚರಿಸಿದರು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ. ಸೋಡಿಯಂನ ಪ್ರಮಾಣ ನಮ್ಮ ಜೀವಮಾನದಲ್ಲಿ ಕದಲದು. ಆಮ್ಲಜನಕದ ಪ್ರಮಾಣ ಒಂದೇ ಋತುವಿನಲ್ಲಿ ಕುಸಿಯಬಲ್ಲದು.

ಅಂದು ಕೇಳಿದ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ಅವನಿಗೆ ಹೇಳಬೇಕಾದುದು ಇಷ್ಟೆ: ಮಗು, ನಮ್ಮ ಹೊಳೆ ತಂದದ್ದೆಲ್ಲವೂ ಕಡಲಿನ ಲೆಕ್ಕಕ್ಕೆ ಸೇರುತ್ತದೆ, ಕೆಲವನ್ನು ಅದು ಬೇಗ ಖರ್ಚು ಮಾಡುತ್ತದೆ, ಕೆಲವನ್ನು ಕೋಟಿ ವರ್ಷ ಇಟ್ಟುಕೊಳ್ಳುತ್ತದೆ. ಈಗ ಹೊಳೆಯಲ್ಲಿ ನಾವು ಏನನ್ನು ಕಳಿಸುತ್ತಿದ್ದೇವೆ ಎಂಬುದನ್ನು ಘಟ್ಟದ ಮೇಲಿನವರೂ ಕೆಳಗಿನವರೂ ಕೂಡಿ ನೋಡಿಕೊಳ್ಳಬೇಕು. ಸಂಘದ ತಂದೆತಾಯಂದಿರಲ್ಲಿ ನಮ್ಮ ವಿನಂತಿ: ಮಕ್ಕಳು ಮಿರಾಮಾರ್‌ನಲ್ಲಿ ನಿಂತು ಇಂಥ ಪ್ರಶ್ನೆ ಕೇಳಿದಾಗ, ಬಸ್ಸಿಗೆ ಹೊತ್ತಾಯಿತೆಂದು ಎಬ್ಬಿಸಬೇಡಿರಿ.